ಮಳೆಯ ನಡುವೆ ಮಾತು ಕೇಳಬೇಕಾದರೆ: ಮನೆಯ ಕಂಪ್ಯೂಟರಿಗೆ ಯಾವ ಮೈಕ್?

ಜುಲೈ ತಿಂಗಳಲ್ಲಿ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದಲೋ ಪೆರ್ಲದಿಂದಲೋ ಯಾರಾದರೂ ಆನ್‌ಲೈನ್ ಮೀಟಿಂಗಿಗೆ ಕೂತರೆ ಬೆಂಗಳೂರಿನವರು ಮೊದಲು ಕೇಳುವುದು, "ಹಿಂದೆ ಅದೇನ್ರೀ ಶಬ್ದ?" ಮತ್ತೆಂತ, ಮಳೆ. ಅಡಿಕೆ ಒಣಗಿಸಲಿಕ್ಕೆಂದು ಟಾರಸಿಗೆ ಶೀಟು ಹಾಕಿಸಿದ ಮನೆಗಳಲ್ಲಂತೂ ಪಕ್ಕದಲ್ಲಿ ಕೂತವರ ಮಾತೇ ಕೇಳುವುದಿಲ್ಲ, ಇನ್ನು ಮೈಕಿನ ಪಾಡು ಹೇಳಬೇಕೇ? ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಆ ನಾಲ್ಕು ತಿಂಗಳು ಆಫೀಸಿನ ಕೆಲಸಕ್ಕಾಗಲಿ ಮಕ್ಕಳ ಟ್ಯೂಷನ್ನಿಗಾಗಲಿ ರಜೆ ಇಲ್ಲವಲ್ಲ.

ಇಂಟರ್‌ನೆಟ್ಟಿನಲ್ಲಿ ಸಿಗುವ ಮೈಕ್ ಪಟ್ಟಿಗಳು ನಮಗೆ ಅಷ್ಟಾಗಿ ಉಪಯೋಗಕ್ಕೆ ಬಾರದೆ ಇರುವುದು ಇದೇ ಕಾರಣಕ್ಕೆ. ಅದನ್ನು ಬರೆದವರ ಕೋಣೆಯಲ್ಲಿ ಕಾರ್ಪೆಟ್ ಇರುತ್ತದೆ, ಕಿಟಕಿ ಮುಚ್ಚಿರುತ್ತದೆ, ಎಸಿ ಇರುತ್ತದೆ. ನಮ್ಮಲ್ಲಿ ಟೈಲ್ಸ್ ನೆಲ, ಬರೀ ಗೋಡೆ, ತೆರೆದ ಕಿಟಕಿ, ತಲೆಯ ಮೇಲೆ ಫ್ಯಾನ್. ಇಂಥ ಕೋಣೆಯಲ್ಲಿ ಹತ್ತು ಸಾವಿರದ ಮೈಕನ್ನು ಮೇಜಿನ ಆ ತುದಿಯಲ್ಲಿ ಇಟ್ಟುಕೊಂಡವರಿಗಿಂತ ಏಳುನೂರು ರೂಪಾಯಿಯ ಹೆಡ್‌ಸೆಟ್ ಹಾಕಿದವರ ಮಾತೇ ಸ್ಪಷ್ಟ. ಯಾಕೆ ಹಾಗೆ ಅಂತ ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು, ಹೊಸ ಮೈಕ್ ಬೇಕೋ ಬೇಡವೋ ಅಂತ ನೋಡಿ.

ಇರುವ ಮೈಕ್ ನಿಜವಾಗಿ ಕೆಲಸ ಮಾಡುತ್ತಾ ಉಂಟಾ?

2020-21ರ ಲಾಕ್‌ಡೌನ್ ಕಾಲದಲ್ಲಿ ತಂದ ಹೆಡ್‌ಸೆಟ್ ಒಂದು ಹೆಚ್ಚಿನ ಮನೆಗಳ ಡ್ರಾಯರಿನಲ್ಲಿ ಇನ್ನೂ ಬಿದ್ದಿರುತ್ತದೆ. ಅದನ್ನು ತೆಗೆದು ಚುಚ್ಚಿ, ಮಾತಾಡಿ, "ಇದು ಸರಿ ಇಲ್ಲ" ಎಂದು ಮತ್ತೆ ಒಳಗೆ ಹಾಕುವವರು ಬಹಳ. ಹೆಚ್ಚಿನ ಸಲ ಕಂಪ್ಯೂಟರ್ ಆ ಹೆಡ್‌ಸೆಟ್ಟನ್ನು ಕೇಳುತ್ತಲೇ ಇರುವುದಿಲ್ಲ. ಲ್ಯಾಪ್‌ಟಾಪಿನ ಒಳಗಿನ ಮೈಕನ್ನೋ ವೆಬ್‌ಕ್ಯಾಮಿನ ಮೈಕನ್ನೋ ಕೇಳುತ್ತಿರುತ್ತದೆ. ಕಂಡುಹಿಡಿಯುವುದು ಸುಲಭ. ವಿಂಡೋಸಿನ ಸೌಂಡ್ ರೆಕಾರ್ಡರ್ ತೆರೆದು ರೆಕಾರ್ಡಿಂಗ್ ಶುರು ಮಾಡಿ. ಹೆಡ್‌ಸೆಟ್ಟಿನ ಮೈಕನ್ನು ಉಗುರಿನಿಂದ ಮೆಲ್ಲ ಕೆರೆಯಿರಿ. ಆಮೇಲೆ ಲ್ಯಾಪ್‌ಟಾಪಿನ ಕ್ಯಾಮೆರಾದ ಪಕ್ಕ ಇರುವ ಸಣ್ಣ ತೂತುಗಳ ಮೇಲೆ ಕೆರೆಯಿರಿ. ಮತ್ತೆ ಹಾಕಿ ಕೇಳುವಾಗ ಎಲ್ಲಿ ಕೆರೆದದ್ದು ಬರಬರ ಎಂದು ಜೋರಾಗಿ ಕೇಳುತ್ತದೋ ಆ ಮೈಕೇ ಈಗ ಚಾಲ್ತಿಯಲ್ಲಿರುವುದು.

ಬದಲಾಯಿಸಲು, ಗಡಿಯಾರದ ಪಕ್ಕದ ಸ್ಪೀಕರ್ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ ಸೌಂಡ್ ಸೆಟ್ಟಿಂಗ್ಸ್‌ಗೆ ಹೋಗಿ. ಅಲ್ಲಿ ಇನ್‌ಪುಟ್ ಎನ್ನುವ ಭಾಗದಲ್ಲಿ ಇರುವ ಮೈಕುಗಳ ಹೆಸರೆಲ್ಲ ಕಾಣುತ್ತದೆ. ಬೇಕಾದ್ದನ್ನು ಆರಿಸಿ ಮಾತಾಡಿದರೆ ಪಕ್ಕದ ಪಟ್ಟಿ ಕುಣಿಯಬೇಕು. ವಿಂಡೋಸ್ 11ರಲ್ಲಿ ಅದೇ ಪುಟದ ಕೆಳಗೆ ಮೋರ್ ಸೌಂಡ್ ಸೆಟ್ಟಿಂಗ್ಸ್ ಉಂಟು. ಅದನ್ನು ಒತ್ತಿ ರೆಕಾರ್ಡಿಂಗ್ ಎಂಬ ಟ್ಯಾಬ್ ನೋಡಿ. ಇಲ್ಲಿ ಒಂದು ಸಣ್ಣ ಗೋಜಲು: ಡಿಫಾಲ್ಟ್ ಡಿವೈಸ್ ಬೇರೆ, ಡಿಫಾಲ್ಟ್ ಕಮ್ಯುನಿಕೇಶನ್ ಡಿವೈಸ್ ಬೇರೆ. ರೆಕಾರ್ಡಿಂಗ್ ಮಾಡುವಾಗ ಸರಿ ಬಂದ ಮೈಕ್ ಕಾಲ್ ಮಾಡುವಾಗ ಬಾರದಿದ್ದರೆ ಕಾರಣ ಇದೇ ಇರಬಹುದು. ಎರಡಕ್ಕೂ ಒಂದೇ ಮೈಕ್ ಕೊಟ್ಟುಬಿಡಿ.

ಇಷ್ಟಾದರೂ ಸದ್ದೇ ಇಲ್ಲವಾ? ಪ್ರೈವೆಸಿ ಸೆಟ್ಟಿಂಗಿನಲ್ಲಿ ಮೈಕ್ರೊಫೋನ್ ಆಫ್ ಇರಬಹುದು. ಝೂಮ್‌ನಂಥ ಆ್ಯಪ್‌ಗಳು ತಮ್ಮದೇ ಲೆಕ್ಕದಲ್ಲಿ ಬೇರೆ ಮೈಕ್ ಹಿಡಿದುಕೊಂಡಿರಬಹುದು. ಕ್ರೋಮ್ ಬ್ರೌಸರ್ ಒಂದೊಂದು ಸೈಟಿಗೂ ಬೇರೆ ಬೇರೆ ಅನುಮತಿ ಕೇಳುತ್ತದೆ. ಅವಸರದಲ್ಲಿ ಒಮ್ಮೆ ಬ್ಲಾಕ್ ಒತ್ತಿದ್ದರೆ ವಿಳಾಸದ ಎಡಗಡೆಯ ಚಿಹ್ನೆ ಒತ್ತಿ ನಾವೇ ಬಿಡಿಸಬೇಕು.

ಇನ್ನು ನಮ್ಮ ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ವಿಂಡೋಸಿನ ಬದಲು ಓಡುವುದು, ಶಾಲೆಗಳ ಕಂಪ್ಯೂಟರ್ ಶಿಕ್ಷಣ ನೋಡಿಕೊಳ್ಳುವ ಕೇರಳದ ಕೈಟ್ ಸಂಸ್ಥೆಯವರ ಗ್ನೂ/ಲಿನಕ್ಸ್. ಅದನ್ನೇ ಮನೆಯ ಕಂಪ್ಯೂಟರಿಗೂ ಹಾಕಿಸಿಕೊಂಡವರಿದ್ದಾರೆ. ಅಲ್ಲೂ ಸೆಟ್ಟಿಂಗ್ಸ್, ಸೌಂಡ್, ಇನ್‌ಪುಟ್ ಅಂತಲೇ ದಾರಿ. ಜಾಕ್ ಚುಚ್ಚಿದ ಕೂಡಲೇ ಹೆಡ್‌ಫೋನಾ, ಹೆಡ್‌ಸೆಟ್ಟಾ, ಮೈಕಾ ಎಂದು ಕೇಳುವ ಕಿಟಕಿ ಬಂದರೆ ಸುಮ್ನೆ ಮುಚ್ಚಬೇಡಿ. ಹೆಡ್‌ಸೆಟ್ ಎಂದು ಹೇಳದಿದ್ದರೆ ಮೈಕ್ ಏಳುವುದಿಲ್ಲ. ಗೊತ್ತಾಗದಿದ್ದರೆ ಮನೆಯಲ್ಲಿ ಹೈಸ್ಕೂಲಿಗೆ ಹೋಗುವವರು ಇದ್ದಾರಲ್ಲ. ಶಾಲೆಯ ಕಂಪ್ಯೂಟರ್ ಕ್ಲಬ್ಬಾದ ಲಿಟಲ್ ಕೈಟ್ಸಿನವರಾದರೆ ಇಂಥದ್ದನ್ನು ನಿಮಿಷದಲ್ಲಿ ಸರಿ ಮಾಡುತ್ತಾರೆ.

ತೂತಿನ ಸಮಾಚಾರ

ಡೆಸ್ಕ್‌ಟಾಪಿನ ಹಿಂದೆ ಸಾಮಾನ್ಯವಾಗಿ ಮೂರು ಬಣ್ಣದ ತೂತು: ಗುಲಾಬಿ ಮೈಕಿಗೆ, ಹಸಿರು ಸ್ಪೀಕರಿಗೆ, ನೀಲಿ ಬೇರೆ ಉಪಕರಣದ ಸದ್ದು ಒಳಗೆ ತರಲು. ಎದುರುಗಡೆಯೂ ಎರಡು ತೂತು ಇರುತ್ತವೆ, ಆದರೆ ಅಸೆಂಬಲ್ ಮಾಡಿಸಿದ ಕಂಪ್ಯೂಟರುಗಳಲ್ಲಿ ಅದರ ವಯರನ್ನು ಒಳಗೆ ಮದರ್‌ಬೋರ್ಡಿಗೆ ಕೊಡದೆ ಬಿಟ್ಟಿರುವುದೂ ಉಂಟು. ನೆರೆಮನೆಯ ಭಾವ ಹೊಸ ಹೆಡ್‌ಸೆಟ್ ತಂದು ಎದುರಿನ ತೂತಿಗೆ ಚುಚ್ಚಿ, "ಮೈಕ್ ಹಾಳು, ವಾಪಸ್ ಕೊಟ್ಟು ಬರ್ತೇನೆ" ಎಂದು ಹೊರಟಿದ್ದರು. ಸಿಪಿಯು ತಿರುಗಿಸಿ ನೋಡಿದರೆ ಹಿಂದಿನ ಗುಲಾಬಿ ತೂತಿನಲ್ಲಿ ಕುಂಬಾರ ಹುಳ ಮಣ್ಣು ತಂದು ಮೆತ್ತಿ, ನುಣ್ಣಗೆ ಸಾರಿಸಿ, ಅಚ್ಚುಕಟ್ಟಾಗಿ ಗೂಡು ಮಾಡಿತ್ತು. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ತೆಗೆದು, ಹಲ್ಲುಕಡ್ಡಿಯಿಂದ ಆ ಮಣ್ಣು ಉದುರಿಸಿದ ಮೇಲೆ ಅದೇ "ಹಾಳಾದ" ಮೈಕ್ ಮಾತಾಡಿತು. ನಮ್ಮೂರಿನ ಕಂಪ್ಯೂಟರ್ ರಿಪೇರಿಯಲ್ಲಿ ಹಲ್ಲುಕಡ್ಡಿಯೂ ಒಂದು ಸಲಕರಣೆ, ಏನು ಮಾಡುವುದು!

ಈಗಿನ ಲ್ಯಾಪ್‌ಟಾಪುಗಳಲ್ಲಿ ಹಾಡಿಗೂ ಮೈಕಿಗೂ ಒಂದೇ ತೂತು. ಇಲ್ಲಿ ಹೊಂದಾಣಿಕೆ ನೋಡಬೇಕು. ಜಾಕಿನ ಲೋಹದ ಮೇಲೆ ಕರಿ ಗೆರೆಗಳು ಇರುತ್ತವಲ್ಲ, ಎಣಿಸಿ. ಮೂರು ಗೆರೆ ಇದ್ದರೆ ಅದು ಫೋನ್, ಲ್ಯಾಪ್‌ಟಾಪಿನ ಒಂದೇ ತೂತಿಗೆ ಆಗುವಂಥದ್ದು. ಎರಡೇ ಗೆರೆಯ ಎರಡು ಜಾಕ್ ಇರುವ ಹೆಡ್‌ಸೆಟ್ ಡೆಸ್ಕ್‌ಟಾಪಿನದ್ದು. ಒಂದರದ್ದನ್ನು ಇನ್ನೊಂದಕ್ಕೆ ಹಾಕಬೇಕಾದರೆ ನಡುವೆ ಕವಲಿನ ವಯರು ಬೇಕು. ಅಂಗಡಿಯಲ್ಲಿ "ಸ್ಪ್ಲಿಟರ್" ಎಂದಷ್ಟೇ ಕೇಳಿದರೆ ಇಬ್ಬರು ಕೂತು ಹಾಡು ಕೇಳುವ ವಯರನ್ನು ಕೊಟ್ಟುಬಿಡುತ್ತಾರೆ. ನೋಡಲಿಕ್ಕೆ ಎರಡೂ ಒಂದೇ ಥರ. ಒಂದು ಕವಲಿನಲ್ಲಿ ಮೈಕಿನ ಚಿತ್ರ, ಇನ್ನೊಂದರಲ್ಲಿ ಹೆಡ್‌ಫೋನಿನ ಚಿತ್ರ ಇರುವುದನ್ನೇ ಕೇಳಿ ತೆಗೆದುಕೊಳ್ಳಿ.

ತೂತೇ ಕೆಟ್ಟಿದ್ದರೆ ಯುಎಸ್‌ಬಿ ಸೌಂಡ್ ಕಾರ್ಡ್ ಎಂದು ಹೆಬ್ಬೆರಳಿನಷ್ಟು ದೊಡ್ಡ ವಸ್ತು ಸಿಗುತ್ತದೆ. ಕೆಲವು ನೂರು ರೂಪಾಯಿ. ಯುಎಸ್‌ಬಿಗೆ ಚುಚ್ಚಿದರೆ ಅದರಲ್ಲೇ ಒಂದು ಗುಲಾಬಿ, ಒಂದು ಹಸಿರು ತೂತು. ಹಳೆಯ ಕಂಪ್ಯೂಟರ್ ಇರುವವರಿಗೆ ಇಷ್ಟು ಕಮ್ಮಿ ಖರ್ಚಿನಲ್ಲಿ ಇಷ್ಟು ಉಪಕಾರ ಮಾಡುವ ಸಾಮಾನು ಬೇರೆ ಇಲ್ಲ.

ಈಗ ಹೋಲಿಕೆಗೆ ಬರೋಣ

ಮೈಕ್ ಬಾಯಿಂದ ಎಷ್ಟು ದೂರ ಎನ್ನುವುದೇ ಇಲ್ಲಿ ದೊಡ್ಡ ಲೆಕ್ಕ. ದೂರ ಇಮ್ಮಡಿ ಆದಾಗಲೆಲ್ಲ ಮೈಕಿಗೆ ತಲುಪುವ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಹೆಡ್‌ಸೆಟ್ಟಿನ ಮೈಕ್ ಬಾಯಿಂದ 2 ಇಂಚು ದೂರ ಇರುತ್ತದೆ ಅನ್ನಿ. ಲ್ಯಾಪ್‌ಟಾಪಿನ ಮೈಕ್ 16 ಇಂಚು ದೂರ. ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ, ಎಂಟು ಹದಿನಾರಾಗುವಾಗ ಮೂರು ಸಲ ಇಮ್ಮಡಿಯಾಯಿತು, ಅಂದರೆ ದನಿ 18 ಡೆಸಿಬೆಲ್ ಕಮ್ಮಿ. ಮಳೆ ಮಾತ್ರ ಎರಡಕ್ಕೂ ಒಂದೇ ಥರ ಕೇಳುತ್ತದೆ. ಇಳಿದ ದನಿಯನ್ನು ಕಂಪ್ಯೂಟರ್ ಏರಿಸುವಾಗ ಮಳೆಯೂ ಜೊತೆಗೆ ಏರುತ್ತದೆ. ಹೆಡ್‌ಸೆಟ್ ಗೆಲ್ಲುವುದು ಇಲ್ಲಿ.

ಕ್ಲಾಸು, ಮೀಟಿಂಗು, ಗಲ್ಫಿನಲ್ಲಿರುವ ಮಗನ ಜೊತೆ ಮಾತು, ಇಷ್ಟಕ್ಕೇ ಆದರೆ ವಯರಿನ ಹೆಡ್‌ಸೆಟ್ ಸಾಕು. ಯುಎಸ್‌ಬಿಯದ್ದಾದರೆ ಇನ್ನೂ ಒಳ್ಳೆಯದು, ಸ್ವಲ್ಪ ಬೆಲೆ ಜಾಸ್ತಿ. ಸದ್ದನ್ನು ಡಿಜಿಟಲ್ ಮಾಡುವ ಸರ್ಕ್ಯೂಟ್ ಅದರೊಳಗೇ ಇರುವುದರಿಂದ ಕಂಪ್ಯೂಟರಿನ ಒಳಗಿನ ಕಿರಿಕಿರಿ ಶಬ್ದ ಸೇರುವುದಿಲ್ಲ, ಡ್ರೈವರ್ ಎಂಬ ತಂತ್ರಾಂಶ ಹುಡುಕುವ ಕೆಲಸವೂ ಸಾಮಾನ್ಯವಾಗಿ ಇಲ್ಲ. ಮೈಕಿನ ಕಡ್ಡಿಯನ್ನು ಬಾಯಿಯ ನೇರ ಎದುರಿಗೆ ತರಬೇಡಿ, ಉಸಿರು ಬಡಿಯುತ್ತದೆ. ತುಟಿಯ ಮೂಲೆಯಿಂದ ಎರಡು ಬೆರಳು ಆಚೆ ಇಟ್ಟರೆ ಸರಿ.

ಅಂಗಿಗೆ ಸಿಕ್ಕಿಸುವ ಕಾಲರ್ ಮೈಕ್ ಯೂಟ್ಯೂಬ್ ಮಾಡುವವರಿಗೆ ಇಷ್ಟ. ಬೋಯಾ ಬಿವೈ-ಎಂ1 ಎನ್ನುವುದು ಎಲ್ಲ ಕಡೆ ಸಿಗುತ್ತದೆ. ವಯರು 6 ಮೀಟರ್ ಉದ್ದ. ಮೇಜಿನ ಎದುರು ಕೂತವರಿಗೆ ಅದು ಕಾಲಿಗೆ ಸಿಕ್ಕುವ ಬಳ್ಳಿ. ನಿಂತು ಪಾಠ ಮಾಡುವವರಿಗೆ ಮಾತ್ರ ವರ. ಅದರಲ್ಲಿ ಒಂದು ಸ್ವಿಚ್ಚಿದೆ, ಫೋನಿಗೆ ಒಂದು ಕಡೆ, ಕ್ಯಾಮೆರಾಕ್ಕೆ ಇನ್ನೊಂದು ಕಡೆ. ಕ್ಯಾಮೆರಾ ಕಡೆ ಇದ್ದರೆ ಒಳಗಿನ ಎಲ್‌ಆರ್44 ಗುಂಡಿ ಬ್ಯಾಟರಿ ಬೇಕು. ಸದ್ದು ಬಾರದಿದ್ದರೆ ಮೊದಲು ಆ ಸ್ವಿಚ್ಚು ನೋಡಿ, ಆಮೇಲೆ ಬೈಯಿರಿ. ಇದು ಎಲ್ಲ ದಿಕ್ಕಿನಿಂದಲೂ ಕೇಳುವ ಮೈಕ್, ಹಾಗಾಗಿ ಮಳೆಗೆ ಹೆಡ್‌ಸೆಟ್ಟಿನಷ್ಟು ತಡೆಯುವುದಿಲ್ಲ. ಸೀರೆಯ ಸೆರಗು, ಹೆಗಲ ಶಾಲು ತಾಗಿದರೆ ಪಾಠ ಪೂರ್ತಿ ಸರಸರ.

ಮೇಜಿನ ಮೇಲೆ ನಿಲ್ಲಿಸುವ ಯುಎಸ್‌ಬಿ ಕಂಡೆನ್ಸರ್ ಮೈಕ್ ನೋಡಲಿಕ್ಕೆ ಚಂದ. ದನಿಯೂ ಚಂದ ಬರುತ್ತದೆ, ಜನವರಿಯ ರಾತ್ರಿಯಲ್ಲಿ. ಆದರೆ ಅದರ ಕಿವಿ ಬಹಳ ಚುರುಕು. ಫ್ಯಾನು, ಪಕ್ಕದ ಕೋಣೆಯ ಮಿಕ್ಸಿ, ತೋಟದ ಪಂಪು, ನವಿಲಿನ ಕೂಗು, ಒಂದನ್ನೂ ಬಿಡುವುದಿಲ್ಲ. ಕಾರ್ಡಿಯಾಯ್ಡ್ ಎಂದು ಬರೆದಿದ್ದರೆ ಅದು ಎದುರಿನಿಂದ ಜಾಸ್ತಿ, ಬೆನ್ನಿನಿಂದ ಕಮ್ಮಿ ಕೇಳುವಂಥದ್ದು. ಅದರ ಬೆನ್ನನ್ನು ಕಿಟಕಿಯ ಕಡೆಗೆ ತಿರುಗಿಸಿ. ಮತ್ತೊಂದು ಸಂಗತಿ, ಇಂಥ ಎಷ್ಟೋ ಮೈಕುಗಳಿಗೆ ಬದಿಯಿಂದ ಮಾತಾಡಬೇಕು, ಕಂಪನಿಯ ಗುರುತು ಇರುವ ಕಡೆಯಿಂದ. ತುದಿಗೆ ಬಾಯಿ ಇಟ್ಟು ಭಾಷಣ ಮಾಡುವವರೇ ಜಾಸ್ತಿ. ಮೈಕಿನ ಮೇಲೆ ಸದ್ದು ಏರಿಸಲು ಇರುವ ಗೇನ್ ತಿರುಪನ್ನು ಪೂರ್ತಿ ಏರಿಸುವ ಬದಲು ಮೈಕನ್ನೇ ಹತ್ತಿರ ಎಳೆದುಕೊಳ್ಳಿ, ಅರ್ಧ ಗೇಣಿನಷ್ಟು ದೂರ ಸಾಕು.

ಇದೇ ಆಕಾರದಲ್ಲಿ, ಸ್ಟ್ಯಾಂಡು ಮತ್ತು ಸ್ಪಂಜಿನ ಟೊಪ್ಪಿ ಸಮೇತ, ಸ್ಟುಡಿಯೊ ಕಿಟ್ ಎಂಬ ಹೆಸರಿನಲ್ಲಿ ಅಗ್ಗಕ್ಕೆ ಬರುವ ಬಿಎಂ-800 ಥರದ ಮೈಕುಗಳ ಬಗ್ಗೆ ಎಚ್ಚರ. ಅವು ಸರಿಯಾಗಿ ಓಡಬೇಕಾದರೆ 48 ವೋಲ್ಟಿನ ಫ್ಯಾಂಟಮ್ ಪವರ್, ಅಂದರೆ ವಯರಿನಲ್ಲೇ ಮೈಕಿಗೆ ಕೊಡುವ ಕರೆಂಟ್, ಬೇಕು. ಕಂಪ್ಯೂಟರಿನ ಮೈಕ್ ತೂತಿನಲ್ಲಿ ಸಿಗುವುದು ಕೆಲವೇ ವೋಲ್ಟು. ಜೊತೆಗೆ ಕೊಡುವ ವಯರಿನಿಂದ ನೇರ ಚುಚ್ಚಿದರೆ ಇಲಿಮರಿಯ ದನಿ, ಅದರ ಮೇಲೆ ಉಸ್ಸೆಂಬ ಸದ್ದು. ನಾನಂತೂ ಯಾರಿಗೂ ಹೇಳುವುದಿಲ್ಲ.

ರೆಕಾರ್ಡಿಂಗಿನ ಕಡೆ ನಿಜವಾದ ಆಸೆ ಇರುವವರಿಗೆ, ಅಂದರೆ ಕಥೆ ಓದಿ ಹಾಕುವವರು, ಭಜನೆ ಹಾಡುವವರು, ತಾಳಮದ್ದಳೆಯ ಅರ್ಥ ಹೇಳಿ ಅಭ್ಯಾಸ ಮಾಡುವವರು, ಇವರಿಗೆಲ್ಲ ಡೈನಾಮಿಕ್ ಮೈಕ್ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ದೇವಸ್ಥಾನದ ವೇದಿಕೆಯಲ್ಲಿ ಸೌಂಡ್ಸ್‌ನವರು ಇಡುತ್ತಾರಲ್ಲ, ಜಾಲರಿಯ ಗುಂಡು ತಲೆಯ ಮೈಕ್, ಆ ಜಾತಿ. ಶೂರ್ ಎಸ್‌ಎಂ58 ಎನ್ನುವುದು 1966ರಲ್ಲಿ ಬಂದದ್ದು, ಇವತ್ತಿಗೂ ಅದೇ ರೂಪದಲ್ಲಿ ಮಾರಾಟ ಆಗುತ್ತಿದೆ. ಬಾಯಿ ಹತ್ತಿರ ಇದ್ದರೆ ಮಾತ್ರ ಚೆನ್ನಾಗಿ ಕೇಳುತ್ತದೆ, ದೂರದ್ದಕ್ಕೆ ಅಷ್ಟಾಗಿ ಕಿವಿ ಕೊಡುವುದಿಲ್ಲ. ನಮಗೆ ಬೇಕಾದ್ದೂ ಅದೇ ಅಲ್ವಾ? ತೇವಕ್ಕೂ ಸುಲಭಕ್ಕೆ ಹೆದರುವುದಿಲ್ಲ. ತೊಂದರೆ ಏನೆಂದರೆ ಇದರ ದೊಡ್ಡ ಮೂರು ಕಡ್ಡಿಯ ಎಕ್ಸ್‌ಎಲ್‌ಆರ್ ವಯರು ಕಂಪ್ಯೂಟರಿಗೆ ನೇರ ಹೋಗುವುದಿಲ್ಲ. ನಡುವೆ ಆಡಿಯೊ ಇಂಟರ್‌ಫೇಸ್ ಎಂಬ ಪೆಟ್ಟಿಗೆ ಬೇಕು, ಅದಕ್ಕೆ ಮತ್ತೆ ಕೆಲವು ಸಾವಿರ. ಆ ಖರ್ಚು ಬೇಡ ಎನ್ನುವವರಿಗೆ ಸ್ಯಾಮ್ಸನ್ ಕ್ಯೂ2ಯು, ಆಡಿಯೊ-ಟೆಕ್ನಿಕಾದ ಎಟಿಆರ್2100ಎಕ್ಸ್ ಥರದವು ಉಂಟು. ಡೈನಾಮಿಕ್ ಮೈಕುಗಳೇ, ಆದರೆ ಯುಎಸ್‌ಬಿ ಮತ್ತು ಎಕ್ಸ್‌ಎಲ್‌ಆರ್ ಎರಡೂ ಇರುತ್ತವೆ. ಈಗ ಕಂಪ್ಯೂಟರಿಗೆ ನೇರ ಚುಚ್ಚಿ, ಮುಂದೆ ಇಂಟರ್‌ಫೇಸ್ ತಂದರೂ ಮೈಕ್ ಬದಲಾಯಿಸಬೇಕಿಲ್ಲ. ಮಳೆಗಾಲದಲ್ಲೂ ರೆಕಾರ್ಡಿಂಗ್ ನಿಲ್ಲಬಾರದು ಎನ್ನುವವರು ಕಂಡೆನ್ಸರಿಗೆ ದುಡ್ಡು ಹಾಕುವ ಮೊದಲು ಇದನ್ನು ನೋಡಿ.

ಮನೆಯಲ್ಲಿ ತಾಳಮದ್ದಳೆ ಇಟ್ಟುಕೊಂಡು ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡುವವರೂ ನಮ್ಮಲ್ಲಿ ಇದ್ದಾರೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಇಲ್ಲದೆ ಮತ್ತೆಲ್ಲಿ? ಅಲ್ಲಿ ಹೆಡ್‌ಸೆಟ್, ಡೈನಾಮಿಕ್ ಎರಡೂ ಆಗುವುದಿಲ್ಲ, ಒಬ್ಬರ ಬಾಯಿಗೆ ಇಟ್ಟರೆ ಉಳಿದವರು ಕೇಳುವುದಿಲ್ಲ. ಇಂಥ ಕಡೆ ಕಂಡೆನ್ಸರೇ ಬೇಕು. ಎಲ್ಲ ದಿಕ್ಕಿನಿಂದಲೂ ಕೇಳುವ ಹಾಗೆ ಹೊಂದಿಸಬಲ್ಲ ಬ್ಲೂ ಯೇತಿ ಥರದ್ದಾದರೆ ಅರ್ಥಧಾರಿಗಳ ನಡುವೆ ಇಟ್ಟು, ಚೆಂಡೆ ಮದ್ದಳೆಯನ್ನು ಆದಷ್ಟು ದೂರ ಕೂರಿಸಿ. ಸದ್ದಿನ ಮಟ್ಟ ನಿಗದಿ ಮಾಡುವಾಗ ಭಾಗವತರ ಮೆಲುದನಿಯನ್ನು ನಂಬಬೇಡಿ. ಚೆಂಡೆಯವರನ್ನು ಜೋರಾಗಿ ಒಮ್ಮೆ ಬಾರಿಸಲು ಹೇಳಿ, ಆಗಲೂ ಪಟ್ಟಿ ಕೆಂಪಿಗೆ ಹೋಗದ ಹಾಗೆ ಇಟ್ಟುಕೊಳ್ಳಿ. ಒಡೆದ ಸದ್ದನ್ನು ಆಮೇಲೆ ಸರಿ ಮಾಡಲಿಕ್ಕೆ ಆಗುವುದಿಲ್ಲ. ಮೆಲ್ಲಗಿರುವುದನ್ನು ಏರಿಸಬಹುದು.

ಬ್ಲೂಟೂತ್ ಇಯರ್‌ಬಡ್? ಕೇಳಲಿಕ್ಕೆ ಚೆನ್ನಾಗಿದೆ, ಮಾತಾಡಲಿಕ್ಕೆ ಅಷ್ಟಕ್ಕಷ್ಟೆ. ಮೈಕ್ ಆನ್ ಆದ ಕೂಡಲೇ ಬ್ಲೂಟೂತ್ ಹೆಚ್ಚಾಗಿ ಹ್ಯಾಂಡ್ಸ್ ಫ್ರೀ ಎಂಬ ಹಳೆಯ ಫೋನಿನ ಪದ್ಧತಿಗೆ ಬದಲಾಗುತ್ತದೆ. ಹಾಡೂ ಡಬ್ಬದೊಳಗೆ ಹಾಡಿದಂತೆ ಕೇಳುವುದು ಅದಕ್ಕೇ. ಇಯರ್‌ಬಡ್ಡಿನಲ್ಲಿ ಕೇಳಿ, ಇನ್‌ಪುಟ್ ಮಾತ್ರ ವಯರಿನ ಮೈಕಿಗೆ ಕೊಡಿ, ಎರಡೂ ಉಳಿಯುತ್ತದೆ.

ಒಂದು ರೂಪಾಯಿಯೂ ಖರ್ಚು ಮಾಡಲಿಕ್ಕಿಲ್ಲದವರು ಮೀಟಿಂಗಿಗೆ ಫೋನಿನಿಂದಲೂ ಸೇರಿಕೊಳ್ಳಿ. ಮಾತು ಮತ್ತು ಕೇಳುವುದು ಫೋನಿನಲ್ಲಿ, ಚಿತ್ರ ಕಂಪ್ಯೂಟರಿನಲ್ಲಿ. ಕಂಪ್ಯೂಟರಿನ ಮೈಕ್, ಸ್ಪೀಕರ್ ಎರಡನ್ನೂ ಆಫ್ ಮಾಡದಿದ್ದರೆ ಕುಯ್ಯೋ ಎಂದು ಕೂಗುತ್ತದೆ.

ತಂದ ಮೇಲೆ

ಸದ್ದು ಸಣ್ಣ ಎನಿಸಿದರೆ ರೆಕಾರ್ಡಿಂಗ್ ಟ್ಯಾಬಿನಲ್ಲಿ ಮೈಕಿನ ಲೆವೆಲ್ಸ್‌ಗೆ ಹೋಗಿ. ಕೆಲವಕ್ಕೆ ಅಲ್ಲೇ ಬೂಸ್ಟ್ ಎಂದಿರುತ್ತದೆ, 10, 20, 30 ಡೆಸಿಬೆಲ್ ಹೀಗೆ. ಹತ್ತರಲ್ಲಿ ನಿಲ್ಲಿಸಿ. ಮೂವತ್ತಕ್ಕೆ ಏರಿಸಿದರೆ ಮಾತಿಗಿಂತ ಉಸ್ಸೆನ್ನುವುದೇ ಜಾಸ್ತಿ. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಮಾತಾಡಿ ನೋಡಿ, ಜೋರು ಮಾತು ಮೈನಸ್ 12 ಡೆಸಿಬೆಲ್ಲಿನ ಆಸುಪಾಸು ಬಂದರೆ ಸರಿ. ಮಾತು ಶುರು ಮಾಡುವ ಮೊದಲು ಐದಾರು ಸೆಕೆಂಡು ಸುಮ್ಮನೆ ಕೂರಿ. ಆಮೇಲೆ ಆ ಖಾಲಿ ಭಾಗವನ್ನು ತೋರಿಸಿ ಫ್ಯಾನಿನ ಸದ್ದು ತೆಗೆಸಬಹುದು. ಮಳೆಯ ಸದ್ದು ಒಂದೇ ಸಮ ಇದ್ದರೆ ಸ್ವಲ್ಪ ತೆಗೆಯುತ್ತದೆ, ರಪರಪ ಬೀಳುವುದಕ್ಕೆ ಏನೂ ಮಾಡುವುದಿಲ್ಲ.

ಝೂಮ್‌ನಲ್ಲಿ ಸಂಗೀತ ಪಾಠ ಮಾಡುವವರ ಪಾಡು ಬೇರೆ. ಹಿನ್ನೆಲೆಯ ಗದ್ದಲ ಕಳೆಯುವ ವ್ಯವಸ್ಥೆ ಶ್ರುತಿಯನ್ನೂ ಗದ್ದಲ ಎಂದೇ ತಿಳಿದು ನುಂಗುತ್ತದೆ. ಶಿಷ್ಯರಿಗೆ ಶ್ರುತಿ ಬಂದು ಹೋಗಿ ಮಾಡಿದರೆ ಮೈಕ್ ಬದಲಾಯಿಸಬೇಡಿ, ಆಡಿಯೊ ಸೆಟ್ಟಿಂಗಿನಲ್ಲಿ ಸಂಗೀತಗಾರರಿಗಾಗಿ ಇರುವ ಒರಿಜಿನಲ್ ಸೌಂಡ್ ಆನ್ ಮಾಡಿ.

ಗೂಗಲ್ ಡಾಕ್ಸ್‌ನಲ್ಲಿ ಕನ್ನಡದಲ್ಲಿ ಹೇಳಿ ಬರೆಸುವವರಿಗೂ ಹೆಡ್‌ಸೆಟ್ ಹಾಕಿದರೆ ತಪ್ಪು ಕಮ್ಮಿಯಾಗುತ್ತದೆ. ಆದರೆ ಅಡುಗೆಮನೆಯಿಂದ ಯಾರಾದರೂ ತುಳುವಿನಲ್ಲೋ ಮಲಯಾಳದಲ್ಲೋ ಕರೆದರೆ ಅದನ್ನೂ ಕನ್ನಡ ಮಾಡಿ ಬರೆದುಬಿಡುತ್ತದೆ, ಓದಿ ನಗಬಹುದು.

ಗುಂಯ್ ಎಂಬ ಸದ್ದು ನಿಲ್ಲದಿದ್ದರೆ ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ನೋಡಿ. ಆಗ ನಿಂತರೆ ಮೈಕಿನ ದೋಷವಲ್ಲ, ಚಾರ್ಜರ್, ಮನೆಯ ಅರ್ತಿಂಗ್ ಎರಡನ್ನೂ ನೋಡಿಸಬೇಕು. ಕಂಡೆನ್ಸರ್ ಮೈಕ್ ಇದ್ದರೆ ಮಳೆಗಾಲದಲ್ಲಿ ಮೇಜಿನ ಮೇಲೆ ಬಿಡಬೇಡಿ. ತೇವ ಹಿಡಿದರೆ ಚಟಪಟ ಎನ್ನಲು ಶುರು ಮಾಡುತ್ತದೆ. ಬಿಗಿ ಮುಚ್ಚಳದ ಡಬ್ಬದಲ್ಲಿ, ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಮತ್ತೆ ಏಪ್ರಿಲ್-ಮೇ ಸಂಜೆ, ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಂಜೆ ಗುಡುಗು ಶುರುವಾದರೆ ಸ್ವಿಚ್ ಆಫ್ ಮಾಡಿದರಷ್ಟೇ ಸಾಲದು. ಕಂಪ್ಯೂಟರಿನ ಪ್ಲಗ್ಗು, ನೆಟ್ಟಿನ ವಯರು, ಎರಡನ್ನೂ ಕಿತ್ತಿಡಿ.